ಮರಳಿ ಬಂದ ಸಿಪಾಯಿಯ ಬದುಕು ಬರೆದ ವರ್ಷ

ಸೈನಿಕನೊಬ್ಬ ಗಡಿಯಲ್ಲಿ ತೀರಿಕೊಂಡರೆ ಅವನ ಬದುಕನ್ನು ಬರೆಯುವವರು ತಾವಾಗಿಯೇ ಮನೆಬಾಗಿಲಿಗೆ ಬರುತ್ತಾರೆ. ಅದೇ ಸೈನಿಕ ಪಿಂಚಣಿ ಮೇಲೆ ಊರಿಗೆ ಬಂದು, ಎರಡು ವರ್ಷ ನಮ್ಮ ನಡುವೆ ಓಡಾಡಿಕೊಂಡಿದ್ದು, 37ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ಹೋದರೆ ಆ ಕೆಲಸ ಊರಿನವರ ಪಾಲಿಗೆ ಬರುತ್ತದೆ. ನಾವು ಅದನ್ನು ಮಾಡಿದೆವು. ಹೇಗೆ ಮಾಡಿದೆವು ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇಂಥ ಮನೆಗಳು ನಮ್ಮ ಕಡೆ ಬಹಳ ಇವೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಅವನು ನನ್ನ ಶಿಷ್ಯ. ಕುಂದಗೋಳ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ನಾನು ಪಿಟಿ ಮಾಸ್ತರನಾಗಿದ್ದಾಗ ಎಂಟನೇ ಇಯತ್ತೆಗೆ ಬಂದ ಹುಡುಗ. ಮನೆಯವರ ಇಚ್ಛೆಯಂತೆ ಹೆಸರು ಬರೆಯುವುದಿಲ್ಲ. 2004ರಲ್ಲಿ, 18 ತುಂಬಿದ ಕೂಡಲೇ ಭರ್ತಿಯಾದ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿ, ಕಸಮ್ ಪರೇಡ್ ಅಂದರೆ ಪ್ರಮಾಣ ವಚನದ ಕವಾಯತು, ಆಮೇಲೆ ಪಲ್ಟನ್ (ಬೆಟಾಲಿಯನ್) ಹೋದಲ್ಲೆಲ್ಲ ಇವನೂ. 17 ವರ್ಷ ಸೇವೆ ಮುಗಿಸಿ 2021ರಲ್ಲಿ ಲ್ಯಾನ್ಸ್ ನಾಯಕ್ ಆಗಿ ಹೊರಬಂದ. 2023ರಲ್ಲಿ ಹೋದ.

ಮಣ್ಣು ಕೊಟ್ಟು ಕೆಲವು ತಿಂಗಳು ಕಳೆದ ಮೇಲೆ ಅವನ ಹೆಂಡತಿ ನನ್ನ ಮನೆಗೆ ಬಂದಳು. ಮಗಳಿಗೆ ಆಗ ಆರು ವರ್ಷ. "ಸರ್, ಇಕಿ ದೊಡ್ಡಕಿ ಆದಮ್ಯಾಲೆ ಅಪ್ಪ ಹ್ಯಾಂಗಿದ್ದಾ ಅಂತ ಕೇಳ್ತಾಳ್ರಿ. ನನಗ ಗೊತ್ತಿರೂದು ರಜಾಕ್ಕ ಬಂದಾಂವಷ್ಟ. ಉಳಿದದ್ದು ನೀವು ಕೂಡಿಸಿಕೊಡ್ರಿ" ಅಂದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಗಂಡ ಮನೆಯಲ್ಲಿದ್ದದ್ದು ಎಷ್ಟು ಅಂತ ಆಕೆ ಲೆಕ್ಕ ಹಾಕಿದ್ದಳು. ರಜಾ ಎಲ್ಲ ಕೂಡಿಸಿದರೆ, ಕೊನೆಯ ಎರಡು ವರ್ಷ ಸೇರಿಸಿದರೂ, ಅರ್ಧಕ್ಕೂ ಕಡಿಮೆ. ವರ್ಷದ ಕಾರ್ಯದ ಹೊತ್ತಿಗೆ ಒಂದು ಸಣ್ಣ ಪುಸ್ತಕ, ಅವತ್ತೇ ಊರಲ್ಲಿ ಹುಡುಗರ ಕಬಡ್ಡಿ ಪಂದ್ಯ ಎಂದು ಮಾತಾಯಿತು.

ಮೊದಲು ಕಾಗದಗಳು. ಪಿಂಚಣಿಯ ಕೆಲಸಕ್ಕೂ ಅವೇ ಬೇಕಾಗಿದ್ದವು. ಡಿಸ್ಚಾರ್ಜ್ ಬುಕ್ಕು, ಪಿಪಿಓ (ಪಿಂಚಣಿ ಮಂಜೂರಾತಿ ಆದೇಶ), ಮರಣ ಪ್ರಮಾಣಪತ್ರ, ಆಧಾರ್. ಸೇನೆಯ ದಾಖಲೆಯಲ್ಲಿ ಹೆಂಡತಿಯ ಹೆಸರಿನ ಮುಂದೆ ಗಂಡನ ಹೆಸರಿತ್ತು, ಆಧಾರಿನಲ್ಲಿ ಬರೀ ತವರಿನ ಅಡ್ಡಹೆಸರು. ಇಷ್ಟಕ್ಕೇ ಕಚೇರಿಯೊಂದು ಅರ್ಜಿಯನ್ನು ಮತ್ತೆ ಮತ್ತೆ ಹಿಂದಿರುಗಿಸಿತು. ಕೊನೆಗೆ ನೋಟರಿ ಅಫಿಡವಿಟ್ಟು, ಮದುವೆಯನ್ನು ದಾಖಲಿಸಿ ಆಗ ಪಲ್ಟನ್ನಿನಲ್ಲಿ ಹೊರಡಿಸಿದ್ದ ಪಾರ್ಟ್ ಟು ಆರ್ಡರಿನ ನಕಲು ಎರಡೂ ಸೇರಿಸಿ ಕೊಟ್ಟಾಗ ರಕ್ಷಣಾ ಪಿಂಚಣಿಯ ಸ್ಪರ್ಶ್ ಪೋರ್ಟಲಿನಲ್ಲಿ ಹೆಸರು ಸರಿಯಾಯಿತು. ಕುಟುಂಬ ಪಿಂಚಣಿ ಮೊದಲ 7 ವರ್ಷ ಹೆಚ್ಚಿನ ದರದಲ್ಲಿ ಬರುತ್ತದೆ, ಆಮೇಲೆ ಕೊನೆಯ ಸಂಬಳದ ಶೇ 30ಕ್ಕೆ ಇಳಿಯುತ್ತದೆ. ಮನೆಯಲ್ಲಿ ಮಾಜಿ ಸೈನಿಕರಿದ್ದರೆ ಅವರು ಗಟ್ಟಿಯಾಗಿರುವಾಗಲೇ ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಎರಡೂ ಕಡೆ ಒಂದೇ ಇದೆಯೇ ಎಂದು ಇವತ್ತೇ ತೆಗೆದು ನೋಡಿ. ದುಃಖದ ಮನೆಯಲ್ಲಿ ಈ ಓಡಾಟ ಬಹಳ ಕಷ್ಟ.

ಡಿಸ್ಚಾರ್ಜ್ ಬುಕ್ಕನ್ನು ನಾನು ಆಸೆಯಿಂದ ಬಿಚ್ಚಿದ್ದೆ. 17 ವರ್ಷ ಅದರೊಳಗೆ ಕೆಲವೇ ಹಾಳೆಗಳಲ್ಲಿ ಮುಗಿದಿತ್ತು. ಸೇರಿದ ದಿನ, ಬಿಟ್ಟ ದಿನ, ಎತ್ತರ, ಮೈಮೇಲಿನ ಗುರುತು, ನಡತೆ 'ಎಕ್ಸೆಂಪ್ಲರಿ'. ಪದಕಗಳ ಪಟ್ಟಿಯಲ್ಲಿ ಸೈನ್ಯ ಸೇವಾ ಪದಕ, ಹೈ ಆಲ್ಟಿಟ್ಯೂಡ್ ಪದಕ, 9 ವರ್ಷದ ದೀರ್ಘ ಸೇವಾ ಪದಕ. ಹೈ ಆಲ್ಟಿಟ್ಯೂಡ್ ಅಂದರೆ 9,000 ಅಡಿಗಿಂತ ಮೇಲೆ 180 ದಿನ ಇದ್ದವರಿಗೆ ಕೊಡುವುದು. ಆ ದಿನಗಳಲ್ಲಿ ಏನಾಯಿತು, ಪಕ್ಕದಲ್ಲಿ ಯಾರಿದ್ದರು ಅನ್ನುವುದಕ್ಕೆ ಅದರಲ್ಲಿ ಕಾಲಂ ಇಲ್ಲ.

ಮಂದಿಯನ್ನು ಕೇಳುವುದು ಆಗ ಶುರುವಾಯಿತು. ಹಾಳೆ ಪೆನ್ನು ಹಿಡಿದು ಹೋದರೆ ಯಾರೂ ಬಾಯಿ ಬಿಡುವುದಿಲ್ಲ. "ಭಾಳ ಚಲೋ ಮನಶಾ ಇದ್ದಾರ್ರೀ" ಅನ್ನುತ್ತಾರೆ, ಮುಂದೆ ಮಾತಿಲ್ಲ. ಎಲ್ಲರೂ ಒಂದೇ ವಾಕ್ಯ ಹೇಳಿದರೆ ಪುಸ್ತಕ ಆಗುವುದು ಹೇಗೆ? ಆದ್ದರಿಂದ ಬೇರೆ ದಾರಿ ಹಿಡಿದೆ. ಅವನು ಹೇಗಿದ್ದ ಅಂತ ಕೇಳುವುದನ್ನು ಬಿಟ್ಟೆ. ಕೊನೆಯ ಸಲ ನಿಮ್ಮ ಜತೆ ಜಗಳಾಡಿದ್ದು ಯಾವಾಗ, ನಿಮ್ಮಿಂದ ಏನು ಇಸಕೊಂಡು ಹೋಗಿದ್ದ, ಅವನು ಮಾಡಿದ ಯಾವ ಕೆಲಸ ನೋಡಿ ಸಿಟ್ಟು ಬಂದಿತ್ತು ಅಂತ ಕೇಳತೊಡಗಿದೆ. ಜಗಳ ಅಂದ ಕೂಡಲೇ ಮಂದಿಗೆ ಎಲ್ಲ ನೆನಪಾಗುತ್ತದೆ. ಅವನ ಅಣ್ಣ, ಹೊಲ ಪಾಲಾದಾಗ ಈ ತಮ್ಮನೇ ಬಾವಿಯಿದ್ದ ತುಂಡನ್ನು ಬಿಟ್ಟುಕೊಟ್ಟು ಹೋಗಿದ್ದನ್ನು ಹೇಳಿದ. ಹೇಳುತ್ತ ಎದ್ದು ಒಳಗೆ ಹೋದ, ಬಹಳ ಹೊತ್ತು ಹೊರಗೆ ಬರಲಿಲ್ಲ. ಅಲ್ಲಿಯವರೆಗೆ ಆ ವಿಷಯ ತಮ್ಮನ ಹೆಂಡತಿಗೂ ಪೂರ್ತಿ ಗೊತ್ತಿರಲಿಲ್ಲ.

ಕಬಡ್ಡಿಯ ಭಾಗವನ್ನು ನಾನೇ ಬರೆಯಬೇಕಿತ್ತು. ಅದು ನನ್ನ ಕಣ್ಣೆದುರಿನ ಸಂಗತಿ. ನಮ್ಮದು ಎರೆ ನೆಲ. ಮಳೆ ಬಂದರೆ ಕಾಲಿಗೆ ಮಣಭಾರ ಮಣ್ಣು ಅಂಟುತ್ತದೆ, ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಬಿರುಕು. ಅಂಕಣ ಮಾಡಬೇಕೆಂದರೆ ಹೊರಗಿನಿಂದ ಟ್ರ್ಯಾಕ್ಟರಿನಲ್ಲಿ ಮಸಾರಿ ಮಣ್ಣು ತಂದು ಹಾಸಬೇಕು, ನೀರು ಚಿಮುಕಿಸಿ ರೋಲರ್ ಹೊಡೆಯಬೇಕು, ಮೇಲೆ ಕಟ್ಟಿಗೆ ಪುಡಿ. 13 ಮೀಟರ್ ಉದ್ದ, 10 ಮೀಟರ್ ಅಗಲ. ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದ ಹುಡುಗರಲ್ಲಿ ಅವನೂ ಒಬ್ಬ.

ಅವನು ಲೆಫ್ಟ್ ಕಾರ್ನರ್, ಎಡ ಮೂಲೆಯ ರಕ್ಷಕ. ಎದುರಾಳಿಯ ಅಂಕಣಕ್ಕೆ ನುಗ್ಗುವ ರೇಡರ್ ಆಗುವ ಆಸೆ ಎಲ್ಲ ಹುಡುಗರಿಗೂ ಇರುತ್ತದೆ, ಚಪ್ಪಾಳೆ ಬೀಳುವುದು ಅವರಿಗೇ. ಇವನು ಎಂಟನೇ ಇಯತ್ತೆಯಲ್ಲೇ ಮೂಲೆ ಕೇಳಿ ಪಡೆದ. ಆರು ಅಥವಾ ಏಳು ಮಂದಿ ರಕ್ಷಕರು ಅಂಕಣದಲ್ಲಿದ್ದಾಗ ರೇಡರ್ ಬೋನಸ್ ಗೆರೆಗೆ ಬರುತ್ತಾನೆ. ಒಂದು ಕಾಲು ಗೆರೆ ದಾಟಬೇಕು, ಹಿಂದಿನ ಕಾಲು ಗಾಳಿಯಲ್ಲಿರಬೇಕು. ಆ ಕ್ಷಣದಲ್ಲಿ ಅವನ ಇಡೀ ಮೈಭಾರ ಮುಂದಿನ ಪಾದದ ಮೇಲಿರುತ್ತದೆ. ಉಳಿದ ಆಟಗಾರರು ರೇಡರನ ಕಣ್ಣು ನೋಡುತ್ತಾರೆ, ಕೈ ನೋಡುತ್ತಾರೆ. ಇವನು ಮೊಣಕಾಲು ನೋಡುತ್ತಿದ್ದ. ಮೊಣಕಾಲು ಲಾಕ್ ಆಯಿತೋ, ಮೈ ನೆಲಕ್ಕೆ ಹತ್ತಿ ಎರಡು ಕೈ ಹಿಮ್ಮಡಿಯ ಹಿಂದೆ. ಕೈ ಸಿಕ್ಕ ಮೇಲೆ ಎಳೆಯುತ್ತಿರಲಿಲ್ಲ. ಪಾದವನ್ನು ತನ್ನ ಎದೆಗೆ ಒತ್ತಿಕೊಂಡು ಹೊರಳುತ್ತಿದ್ದ. ಎಳೆದರೆ ರೇಡರ್ ಒದ್ದು ಬಿಡಿಸಿಕೊಳ್ಳುತ್ತಾನೆ, ಹೊರಳಿದರೆ ಅವನ ಬಲಕ್ಕೆ ಆಧಾರವೇ ಇರುವುದಿಲ್ಲ. ಇದನ್ನು ನಾನು ಕಲಿಸಿದ್ದಲ್ಲ. ಧಾರವಾಡದಲ್ಲಿ ಜಿಲ್ಲಾ ಮಟ್ಟದ ಪಂದ್ಯ ನೋಡಲು ಕರೆದುಕೊಂಡು ಹೋದಾಗ ಯಾರನ್ನೋ ನೋಡಿ, ಊರಿಗೆ ಬಂದು, ಅಣ್ಣನ ಕಾಲಿನ ಮೇಲೆ ಪ್ರಯೋಗ ಮಾಡಿ ಕಲಿತದ್ದು. ಎಡಗಡೆ ಹುಬ್ಬಿನ ಮೇಲಿದ್ದ ಸೀಳು, ಡಿಸ್ಚಾರ್ಜ್ ಬುಕ್ಕಿನಲ್ಲಿ ಗುರುತಿನ ಚಿಹ್ನೆ ಎಂದು ಬರೆದದ್ದು, ಆ ಅಣ್ಣನ ಹಿಮ್ಮಡಿ ಬಡಿದು ಆದದ್ದು. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ ಕೊಟ್ಟೆ.

ಸೇನೆಯಲ್ಲಿ ಅವನು ದೊಡ್ಡ ಆಟಗಾರನಾಗಲಿಲ್ಲ, ಮೂರೂ ಸೇನೆ ಸೇರಿದ ಸರ್ವಿಸಸ್ ತಂಡದ ಜೆರ್ಸಿ ಹಾಕಲಿಲ್ಲ. ಪಲ್ಟನ್ ತಂಡ, ಬ್ರಿಗೇಡ್ ತಂಡ, ಒಮ್ಮೆ ಡಿವಿಜನ್ ಮಟ್ಟದ ಪಂದ್ಯ ಅಷ್ಟೇ. ಅದನ್ನು ಇದ್ದ ಹಾಗೆಯೇ ಬರೆದಿದ್ದೇನೆ. ಅವನ ಆಟ ಚೆಂದವಾಗಿತ್ತು, ಅದಕ್ಕೆ ಸುಳ್ಳು ಪದಕ ಬೇಕಿರಲಿಲ್ಲ.

ಸೇನೆಯ ದಿನಗಳನ್ನು ಕೂಡಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಫೋನಿನಲ್ಲಿದ್ದ ನಂಬರುಗಳಿಗೆ ಒಂದೊಂದಾಗಿ ಕರೆ ಮಾಡಿದೆವು. ಪಲ್ಟನ್ನಿನ ಗೆಳೆಯರು ಹೆಚ್ಚಿನವರು ಸಾತಾರಾ, ಕೊಲ್ಹಾಪುರ, ಸಾಂಗ್ಲಿ ಕಡೆಯವರು. ನನ್ನ ಹಿಂದಿ ಅಷ್ಟಕ್ಕಷ್ಟೇ, ಆದರೆ ಮರಾಠಿ ನಮ್ಮ ಕಿವಿಗೆ ಹೊಸದಲ್ಲ. ಸಾತಾರಾದ ಒಬ್ಬರು, ಇವನ ಜತೆ ಒಂದೇ ಸೆಕ್ಷನ್ನಿನಲ್ಲಿ, ಅಂದರೆ ಪಲ್ಟನ್ನಿನ ಒಂದೇ ಸಣ್ಣ ತುಕಡಿಯಲ್ಲಿ, ಇದ್ದವರು, ಫೋನಿನಲ್ಲಿ ಹೇಳುವಂಥದ್ದಲ್ಲ ಎಂದು ರೈಲು ಹತ್ತಿ ಹುಬ್ಬಳ್ಳಿಗೇ ಬಂದರು. ನಮ್ಮ ಮನೆಯಲ್ಲಿ ಎರಡು ರಾತ್ರಿ ಇದ್ದರು. ಊಟಕ್ಕೆ ಕೂತಾಗ ಜೋಳದ ರೊಟ್ಟಿ ನೋಡಿ, "ಅವನು ಟ್ರಂಕಿನಲ್ಲಿ ಕಟಿ ರೊಟ್ಟಿ ತರುತ್ತಿದ್ದ, ನಾವು ಲೂಟಿ ಮಾಡುತ್ತಿದ್ದೆವು" ಅಂದರು. ಶೇಂಗಾ ಹಿಂಡಿಯ ಡಬ್ಬಿಯನ್ನು ಮಾತ್ರ ಎರಡು ಬೀಗದೊಳಗೆ ಇಡುತ್ತಿದ್ದನಂತೆ.

ಅವರು ಹೇಳಿದ್ದರಲ್ಲಿ ಕೆಲವನ್ನು ಬರೆದೆ, ಕೆಲವನ್ನು ಅವರೇ ಬೇಡ ಅಂದರು. ಬರೆದದ್ದರಲ್ಲಿ ಒಂದು ಬಿಪಿಇಟಿಯ ಸಂಗತಿ. ಅದು ರೈಫಲ್ಲು, ಪ್ಯಾಕು ಎಲ್ಲ ಹೊತ್ತುಕೊಂಡು 5 ಕಿಲೋಮೀಟರ್ ಓಡುವ ಪರೀಕ್ಷೆ. ಮೂವತ್ತರೊಳಗಿನವರು 25 ನಿಮಿಷದಲ್ಲಿ ಮುಗಿಸಿದರೆ ಎಕ್ಸಲೆಂಟ್. ಇವನಿಗೆ ಅದು ಕಷ್ಟವೇ ಅಲ್ಲ. ಆದರೆ ಒಂದು ವರ್ಷ ಇವನ ಸಮಯ ಬರೀ ಪಾಸಾಗುವಷ್ಟೇ ಇತ್ತು. ಸೆಕ್ಷನ್ನಿಗೆ ಹೊಸದಾಗಿ ಬಂದ ಹುಡುಗನೊಬ್ಬ ಹಿಂದಿನ ಸಲ ಫೇಲಾಗಿ ರಜಾ ಕಳೆದುಕೊಂಡಿದ್ದ, ತಂಗಿಯ ಮದುವೆ ಹತ್ತಿರವಿತ್ತು. ಇವನು ಅವನ ಪಕ್ಕದಲ್ಲೇ, ಅವನ ಹೆಜ್ಜೆಗೆ ಹೆಜ್ಜೆ ಹಾಕಿ, ಪ್ರತಿ ಕಿಲೋಮೀಟರಿಗೆ ಸಮಯ ಹೇಳುತ್ತ ಓಡಿದ. ಆ ಹುಡುಗ ಪಾಸಾದ, ಮದುವೆಗೆ ಹೋದ. ಇದನ್ನು ನಮಗೆ ಹೇಳಿದ ಸಾತಾರಾದವರೇ ಆ ಹುಡುಗ.

2016ರ ಫೆಬ್ರುವರಿಯಲ್ಲಿ ಇವನು ರಜೆಯ ಮೇಲೆ ಊರಲ್ಲಿದ್ದ. ಸಿಯಾಚಿನ್ನಿನಲ್ಲಿ 3ನೇ ತಾರೀಕು ಹಿಮ ಕುಸಿದು 19 ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ನಮ್ಮದೇ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಒಬ್ಬರು. ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕಾಗ ನಮ್ಮ ಹಳ್ಳಿಗಳಲ್ಲಿ ಗುಡಿ ಗುಡಿಯಲ್ಲೂ ಪೂಜೆ. 11ಕ್ಕೆ ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಪಾರ್ಥಿವ ಶರೀರ ತಂದಾಗ ನಾನೂ ಇವನೂ ಸಾಲಿನಲ್ಲಿ ನಿಂತಿದ್ದೆವು. ಸಾಲು ಬಹಳ ಉದ್ದವಿತ್ತು. ನಿಂತಲ್ಲೇ ಇವನು ಎತ್ತರದ ಪೋಸ್ಟುಗಳಲ್ಲಿ ಬದುಕು ಹೇಗೆ ಅಂತ ಹೇಳತೊಡಗಿದ. ಸೀಮೆಎಣ್ಣೆ ಸ್ಟವ್ ಮೇಲೆ ಹಿಮ ಕರಗಿಸಿ ಕುಡಿಯುವ ನೀರು ಮಾಡುವುದು, ಕಾಲುಚೀಲ ಒದ್ದೆಯಾದರೆ ಬೆರಳು ಹೋಗುವುದು, ರಾತ್ರಿ ಪಾಳಿಯವನು ಒಂದೊಂದು ತಾಸಿಗೆ ಎದ್ದು ಗುಡಾರದ ಮೇಲಿನ ಹಿಮ ಕೆಡಹುವುದು. ಅಷ್ಟು ವರ್ಷದಲ್ಲಿ ಅವನು ನನ್ನ ಜತೆ ಇದನ್ನೆಲ್ಲ ಮಾತಾಡಿದ್ದು ಅದೊಂದೇ ಸಲ. ನನ್ನ ಹಿಂದೆ ಮುಂದೆ ನಿಂತವರೂ ಕಿವಿಗೊಟ್ಟು ಕೇಳುತ್ತಿದ್ದರು. ಈ ಪುಸ್ತಕ ಬರೆಯುವಾಗ ಆ ಸಾಲು ನನಗೆ ಬಹಳ ಕೆಲಸಕ್ಕೆ ಬಂತು. ಹನುಮಂತಪ್ಪನವರಿಗೆ ನಾಡು ಸಲ್ಲಿಸಿದ ಗೌರವ ಅವರಿಗೆ ಸಲ್ಲಲೇಬೇಕಾದದ್ದು. ಅದೇ ಸಾಲಿನಲ್ಲಿ, ಅದೇ ಚಳಿ ತಿಂದು ಬಂದ ಇನ್ನೊಬ್ಬ ನಮ್ಮ ಪಕ್ಕ ನಿಂತಿದ್ದ. ಅಂಥವನನ್ನು ಬದುಕಿರುವಾಗ ಕೂಡಿಸಿಕೊಂಡು ಕೇಳುವ ರೂಢಿ ನಮ್ಮಲ್ಲಿ ಇಲ್ಲ. ಇರಬೇಕು.

ಊರಿಗೆ ಮರಳಿದ ಮೇಲಿನ ಎರಡು ವರ್ಷಕ್ಕೆ ಒಂದು ನೋಟ್‌ಬುಕ್ಕು ಸಾಕ್ಷಿ. ಕಪ್ಪು ಟ್ರಂಕಿನ ತಳದಲ್ಲಿ, ನೀಕ್ಯಾಪು, ಹಗ್ಗಗಳ ಕೆಳಗೆ ಸಿಕ್ಕಿತು. ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಗಾರ್ಡ್ ಕೆಲಸ ಸಿಕ್ಕಿತ್ತು. ಆದರೂ ಬೆಳಗಿನ ಐದಕ್ಕೆ ಊರ ಹುಡುಗರನ್ನು ರಸ್ತೆಗೆ ಇಳಿಸುತ್ತಿದ್ದ. ಹಳ್ಳದ ಸೇತುವೆಯಿಂದ ಅಗಸಿಯವರೆಗೆ ಅಳೆದು, ನೂರು ಮೀಟರಿಗೊಂದು ಸುಣ್ಣದ ಗೆರೆ ಎಳೆದಿದ್ದ. ಭರ್ತಿ ರ್ಯಾಲಿಯಲ್ಲಿ 1,600 ಮೀಟರನ್ನು ಐದೂವರೆ ನಿಮಿಷದಲ್ಲಿ ಓಡಿದರೆ ಪೂರ್ತಿ 60 ಅಂಕ, ಹತ್ತು ಬೀಮ್ (ಕಂಬಿ ಹಿಡಿದು ಮೈ ಮೇಲೆತ್ತುವುದು) ಹೊಡೆದರೆ 40. ಅಂದರೆ 400 ಮೀಟರಿನ ಒಂದು ಸುತ್ತಿಗೆ ಸುಮಾರು 82 ಸೆಕೆಂಡು. ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಹುಡುಗನಿಗೂ ಒಂದು ಪುಟ, ನಾಲ್ಕು ಸುತ್ತಿಗೆ ನಾಲ್ಕು ಕಾಲಂ. ಒಬ್ಬನ ಪುಟದಲ್ಲಿ 74, 81, 93, 90 ಎಂದಿದೆ, ಕೆಳಗೆ ಕೆಂಪು ಪೆನ್ನಿನಲ್ಲಿ: "ಮೊದಲ ಸುತ್ತು ಮಂದಿ ನೋಡಿ ಓಡ್ತಾನ. 80ಕ್ಕಿಂತ ಮುಂದ ಬಿಡಬಾರದು." ಮೂರು ತಿಂಗಳ ಮೇಲೆ ಅದೇ ಹುಡುಗನ ಸಾಲು: 81, 82, 83, 79. ಇನ್ನೊಬ್ಬನ ಪುಟದಲ್ಲಿ ಸಮಯವೇ ಇಲ್ಲ, "ಬೂಟು ಹರಿದಾವ, 8 ನಂಬರ್" ಅಂತಷ್ಟೇ. ಆ ಬೂಟು ಯಾರು ಕೊಡಿಸಿದ್ದು ಅಂತ ಆ ಹುಡುಗನಿಂದಲೇ ಕೇಳಿ ತಿಳಿದುಕೊಂಡೆವು.

ಅದು ಹುಡುಗರಿಗೆ ಬಹಳ ಕೆಟ್ಟ ಕಾಲ. ಕೋವಿಡ್ಡಿನಿಂದ ರ್ಯಾಲಿಗಳು ನಿಂತು ಎರಡು ವರ್ಷ ಓಡಿಕೊಂಡೇ ಇದ್ದವರು ವಯಸ್ಸು ಮೀರುವ ಹೊತ್ತಿಗೆ, 2022ರ ಜೂನಿನಲ್ಲಿ ಅಗ್ನಿಪಥ ಎಂಬ ಹೊಸ ಭರ್ತಿ ಯೋಜನೆ ಬಂತು. ಆ ಒಂದು ವರ್ಷಕ್ಕೆ ವಯೋಮಿತಿ 23ಕ್ಕೆ ಏರಿಸಿದರು. ನಾಲ್ಕು ವರ್ಷದ ಸೇವೆ, ಆಮೇಲೆ ಉಳಿಸಿಕೊಳ್ಳುವುದು ಶೇ 25 ಮಂದಿಯನ್ನು, ಉಳಿದವರಿಗೆ ಸುಮಾರು 11.71 ಲಕ್ಷದ ಸೇವಾ ನಿಧಿ, ಪಿಂಚಣಿ ಇಲ್ಲ. ಹೋಗಬೇಕೋ ಬೇಡವೋ ಎಂದು ಹುಡುಗರು ಇವನನ್ನು ಕೇಳಿದರು. ಇವನು ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎಲ್ಲರ ತಂದೆ ತಾಯಿಯರನ್ನು ಶಾಲೆಯ ಕಟ್ಟೆಯ ಮೇಲೆ ಕೂಡಿಸಿ ಲೆಕ್ಕ ಬರೆದು ತೋರಿಸಿದ, ನಾಲ್ಕು ವರ್ಷದ ನಂತರ ಹುಡುಗನಿಗೆ ಎಷ್ಟು ವಯಸ್ಸು, ಕೈಯಲ್ಲಿ ಎಷ್ಟು ರೊಕ್ಕ, ಯಾವ ಪರೀಕ್ಷೆ ಬರೆಯಬಹುದು ಎಂದು. ಅದೇ ಸೆಪ್ಟೆಂಬರಿನಲ್ಲಿ ಹಾವೇರಿಯ ಜಿಲ್ಲಾ ಕ್ರೀಡಾಂಗಣದಲ್ಲಿ ರ್ಯಾಲಿ ನಡೆದಾಗ ಹಿಂದಿನ ರಾತ್ರಿಯೇ ಹುಡುಗರ ಜತೆ ಹೋಗಿ ಬಾಳೆಹಣ್ಣು, ಬೆಲ್ಲ, ನೀರಿನ ಬಾಟಲಿ ಹಿಡಿದು ಹೊರಗೆ ಕೂತಿದ್ದ. ಒಳಗೆ ಬಿಡುತ್ತಿರಲಿಲ್ಲ. ಹುಡುಗರು ಓಡುವುದನ್ನು ಅವನು ನೋಡಲೇ ಇಲ್ಲ.

ಆ ಹೊತ್ತಿಗೆ ಅವನಿಗೆ ದಣಿವು ಶುರುವಾಗಿತ್ತು. ಒಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ನೀಲಿ ಕಲೆ. ರಕ್ತ ಪರೀಕ್ಷೆ ಆದ ಮೇಲೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆ. ಮುಂದಿನದನ್ನು ಪುಸ್ತಕದಲ್ಲಿ ಒಂದೇ ಪ್ಯಾರಾದಲ್ಲಿ ಮುಗಿಸಿದ್ದೇನೆ, ಇಲ್ಲಿಯೂ ಅಷ್ಟೇ ಸಾಕು.

ಅಚ್ಚಿಗೆ ಗದಗಕ್ಕೆ ಹೋದೆವು. ಅಲ್ಲಿ ಮುದ್ರಣದ ಕೆಲಸ ಬಲ್ಲವರು ತಲೆಮಾರುಗಳಿಂದ ಇದ್ದಾರೆ. ಫೋಟೋಗಳನ್ನು ಚೊಕ್ಕ ಮಾಡಿ, ಎಂಬತ್ತು ಪುಟ, ಹೊಲಿಗೆ ಬೈಂಡಿಂಗ್. ಮಗು ಹತ್ತಾರು ವರ್ಷ ತೆಗೆದು ನೋಡುವ ಪುಸ್ತಕ, ಅಂಟಿನ ಬೈಂಡಿಂಗ್ ಬೇಡ ಎಂದು ಅಲ್ಲಿಯ ಹಿರಿಯರೇ ಹೇಳಿದರು.

ಪಂದ್ಯಕ್ಕೆ ಫ್ಲೆಕ್ಸ್ ಮಾಡಿಸುವಾಗ ಮಾತ್ರ ಊರ ಹುಡುಗರಿಗೂ ನಮಗೂ ಬಿಸಿ ಬಿಸಿ ಮಾತಾಯಿತು. ಅವರು ತಂದ ಚಿತ್ರದಲ್ಲಿ ಹಿಂದೆ ಹಿಮದ ಬೆಟ್ಟ, ಟ್ಯಾಂಕು, ಹಾರುವ ವಿಮಾನ, ಮುಂದೆ ಇವನ ಮುಖ, ಕೆಳಗೆ ಗಡಿಯಲ್ಲಿ ಪ್ರಾಣ ಕೊಟ್ಟ ಎಂಬರ್ಥದ ಸಾಲು. ಪ್ರೀತಿಯಿಂದಲೇ ಮಾಡಿದ್ದರು. ಅವನ ಹೆಂಡತಿ ಅದನ್ನು ಬಹಳ ಹೊತ್ತು ನೋಡಿ, "ಇದು ಅವರಲ್ಲಪಾ. ಅವರು ಮನಿಗೆ ಬಂದಿದ್ರು. ಮಗಳನ್ನ ಸಾಲಿಗೆ ಬಿಟ್ಟು ಬರ್ತಿದ್ರು. ಅದನ್ಯಾಕ ತಗೀತೀರಿ?" ಅಂದಳು. ಹುಡುಗರು ಸುಮ್ಮನಾದರು. ಆಮೇಲೆ ಹಾಕಿದ್ದು ಟ್ರ್ಯಾಕ್ ಪ್ಯಾಂಟಿನಲ್ಲಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಆ ನೋಟ್‌ಬುಕ್ಕು ಹಿಡಿದು ಯಾರಿಗೋ ಗದರಿಸುತ್ತಿರುವ ಫೋಟೋ. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಮುಖ ಅದೇ.

ಪಂದ್ಯದ ದಿನ ಮಸಾರಿ ಮಣ್ಣು ತಂದು ಹಾಕಿದವರು ಅವನು ಓಡಿಸಿದ ಹುಡುಗರೇ. ಕುಂದಗೋಳ, ಶಿಗ್ಗಾವಿ, ಲಕ್ಷ್ಮೇಶ್ವರ ಕಡೆಯ ತಂಡಗಳು ಬಂದಿದ್ದವು. ಅತ್ಯುತ್ತಮ ರೇಡರಿಗೆ ಬಹುಮಾನ ಇಡುವುದು ವಾಡಿಕೆ. ನಾವು ಅತ್ಯುತ್ತಮ ಕಾರ್ನರ್ ರಕ್ಷಕನಿಗೂ ಅಷ್ಟೇ ಮೊತ್ತದ್ದನ್ನು ಇಟ್ಟೆವು. ಲಕ್ಷ್ಮೇಶ್ವರ ಕಡೆಯ ಹದಿನಾರರ ಹುಡುಗನೊಬ್ಬ ಗೆದ್ದ. ಅವನ ಹಿಡಿತ ಇನ್ನೂ ಹಸಿ, ಎಳೆಯುತ್ತಾನೆ, ಹೊರಳುವುದಿಲ್ಲ. ಪಂದ್ಯ ಮುಗಿದ ಮೇಲೆ ಅವನನ್ನು ಬದಿಗೆ ಕರೆದು ತೋರಿಸಿಕೊಟ್ಟೆ.

ಪುಸ್ತಕದ ಪ್ರತಿಗಳು ಮನೆಗೆ, ಹೈಸ್ಕೂಲಿನ ಗ್ರಂಥಾಲಯಕ್ಕೆ, ಪಲ್ಟನ್ನಿನ ಗೆಳೆಯರಿಗೆ ಹೋದವು. ಬೆಳಗಾವಿಯ ಕೇಂದ್ರಕ್ಕೆ ಒಂದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆವು. ಸಾತಾರಾದವರು ಕನ್ನಡ ಬಾರದಿದ್ದರೂ ಎರಡು ಪ್ರತಿ ತರಿಸಿಕೊಂಡು, ತಮ್ಮ ಭಾಗವನ್ನು ಯಾರಿಂದಲೋ ಓದಿಸಿಕೊಂಡು, ಬಿಪಿಇಟಿ ನಡೆದ ಜಾಗದ ಹೆಸರು ತಪ್ಪಾಗಿದೆ ಎಂದು ಫೋನ್ ಮಾಡಿದರು. ಮುಂದಿನ ಅಚ್ಚಿಗೆ ಅದನ್ನು ತಿದ್ದಿಟ್ಟಿದ್ದೇನೆ.

ನಮ್ಮೂರಲ್ಲಿ ಇನ್ನೂ ಹಲವು ಮಾಜಿ ಸೈನಿಕರಿದ್ದಾರೆ. ಒಬ್ಬರು 1987ರಲ್ಲಿ ಶಾಂತಿಪಾಲನಾ ಪಡೆಯ ಜತೆ ಶ್ರೀಲಂಕಾಕ್ಕೆ ಹೋಗಿ ಬಂದವರು, ಅರವತ್ತು ದಾಟಿದ್ದಾರೆ, ಕಿವಿ ಸ್ವಲ್ಪ ಮಂದ. ಅವರ ಮಗನ ಜತೆ ಮಾತಾಡಿಯಾಗಿದೆ. ಬರುವ ರವಿವಾರ ಬೆಳಗಿನ ಹೊತ್ತು ಬರಲು ಹೇಳಿದ್ದಾರೆ, ಮಧ್ಯಾಹ್ನವಾದರೆ ಅವರು ಮಲಗುತ್ತಾರೆ. ನೋಟ್‌ಬುಕ್ಕಿನ ಆ ಹುಡುಗರಲ್ಲಿ ಇಬ್ಬರು ರೆಕಾರ್ಡ್ ಮಾಡಲು ನನ್ನ ಜತೆ ಬರುತ್ತಾರೆ.